ಪ್ರೆಸ್ಟನ್‌ನ ಪ್ಲಂಬರ್ ಟಾಮ್ ಫಿನ್ನಿ

ಪ್ರಶ್ನೆ: ಇಂಗ್ಲೆಂಡಿನ ಹಳೆಯ ಫುಟ್‌ಬಾಲ್ ಆಟಗಾರ ಟಾಮ್ ಫಿನ್ನಿ ಪ್ಲಂಬರ್ ಕೆಲಸವನ್ನೂ ಮಾಡುತ್ತಿದ್ದರಂತೆ, ನಿಜವೇ? ಅಷ್ಟು ದೊಡ್ಡ ಆಟಗಾರ ಹೆಚ್ಚು ದುಡ್ಡು ಕೊಡುವ ಕಡೆಗೆ ಏಕೆ ಹೋಗಲಿಲ್ಲ?

ಉತ್ತರ: ನಿಜ. ಫಿನ್ನಿ ಹುಟ್ಟಿದ್ದು 1922ರಲ್ಲಿ, ಲ್ಯಾಂಕಶೈರ್‌ನ ಪ್ರೆಸ್ಟನ್‌ನಲ್ಲಿ. ಊರಿನ ಪ್ರೆಸ್ಟನ್ ನಾರ್ತ್ ಎಂಡ್ ಕ್ಲಬ್ ಕರೆದಾಗ, ಮೊದಲು ಕಸುಬು ಕಲಿತು ಮುಗಿಸು ಎಂದು ಅಪ್ಪ ಪಟ್ಟು ಹಿಡಿದರು. ಆಮೇಲೆ ಯುದ್ಧ ಬಂತು. ಸೈನ್ಯಕ್ಕೆ ಸೇರಿ ಈಜಿಪ್ಟ್, ಇಟಲಿಗಳಲ್ಲಿ ದುಡಿದರು. ಹಾಗಾಗಿ ಮೊದಲ ಲೀಗ್ ಪಂದ್ಯ ಆಡಿದ್ದು 1946ರಲ್ಲಿ, 24ನೇ ವಯಸ್ಸಿಗೆ. ಮರುತಿಂಗಳೇ ಇಂಗ್ಲೆಂಡ್ ಪರ ಆಡಿ ಗೋಲು ಹೊಡೆದರು.

ಫಿನ್ನಿ ಹುಟ್ಟಾ ಎಡಗಾಲಿನವರು. ಬಲಗಾಲನ್ನೂ ಅಷ್ಟೇ ಚೆನ್ನಾಗಿ ಪಳಗಿಸಿಕೊಂಡಿದ್ದರಿಂದ ಬಲ ವಿಂಗ್, ಎಡ ವಿಂಗ್ ಎರಡೂ ಅವರದೇ. ಯಾವ ಕಡೆಗೆ ನುಗ್ಗುತ್ತಾರೆಂದು ಡಿಫೆಂಡರ್‌ಗಳಿಗೆ ತಿಳಿಯುತ್ತಲೇ ಇರಲಿಲ್ಲ. 1956ರಲ್ಲಿ ಸ್ಟ್ಯಾಮ್‌ಫರ್ಡ್ ಬ್ರಿಜ್‌ನಲ್ಲಿ ತೆಗೆದ ಫೋಟೋ ಒಂದಿದೆ: ಮಳೆನೀರು ನಿಂತ ಮೈದಾನ, ನೀರನ್ನು ಚಿಮ್ಮಿಸುತ್ತ ಜಾರುತ್ತಿರುವ ಫಿನ್ನಿ, ಕಣ್ಣು ಮಾತ್ರ ಚೆಂಡಿನ ಮೇಲೆ. ಪ್ರೆಸ್ಟನ್‌ನ ಡೀಪ್‌ಡೇಲ್ ಮೈದಾನದ ಹೊರಗೆ ಈಗ ಅದೇ ಭಂಗಿಯ ಶಿಲ್ಪವಿದೆ.

ಇನ್ನು ದುಡ್ಡಿನ ವಿಷಯ. ಆಟಗಾರರ ಸಂಬಳಕ್ಕೆ ಆಗ ಇಂಗ್ಲೆಂಡಿನಲ್ಲಿ ಮಿತಿ ಇತ್ತು. ಫಿನ್ನಿಯ ಕೊನೆಯ ವರ್ಷಗಳಲ್ಲೂ ಅದು ವಾರಕ್ಕೆ 20 ಪೌಂಡ್ ದಾಟಲಿಲ್ಲ. ಸಂಸಾರ ತೂಗಿಸಲು ಪ್ಲಂಬಿಂಗ್ ವ್ಯವಹಾರ ನೆರವಾಯಿತು. 1952ರಲ್ಲಿ ಇಟಲಿಯ ಪಾಲೆರ್ಮೊ ಕ್ಲಬ್ 10,000 ಪೌಂಡ್, ಬಂಗಲೆ, ಕಾರು ಕೊಡುವುದಾಗಿ ಕರೆಯಿತು. ಪ್ರೆಸ್ಟನ್ ಒಪ್ಪಲಿಲ್ಲ. ಒಪ್ಪಂದ ಮುಗಿದರೂ ಕ್ಲಬ್ ಬಿಡದೆ ಆಟಗಾರ ಬೇರೆಡೆ ಹೋಗುವಂತಿರಲಿಲ್ಲ. ಕಾಯಿದೆ ಪೂರ್ತಿ ಮಾಲೀಕರ ಪರವಾಗಿತ್ತು. ಫಿನ್ನಿಯ ನಿಷ್ಠೆಯನ್ನು ಹೊಗಳುವಾಗ ಈ ಅನ್ಯಾಯವನ್ನು ಮರೆಯಬಾರದು. ಅವರು ನಿವೃತ್ತರಾದದ್ದು 1960ರಲ್ಲಿ. ಸಂಬಳದ ಮಿತಿ ರದ್ದಾದದ್ದು 1961ರಲ್ಲಿ.

ಲೀಗ್ ಪ್ರಶಸ್ತಿಯಾಗಲಿ ಎಫ್‌ಎ ಕಪ್ ಆಗಲಿ ಅವರಿಗೆ ದಕ್ಕಲಿಲ್ಲ. 1953ರಲ್ಲಿ ಲೀಗ್ ಪಟ್ಟ ಗೋಲು ಸರಾಸರಿಯಲ್ಲಿ ಆರ್ಸೆನಲ್ ಪಾಲಾಯಿತು; 1954ರ ಕಪ್ ಫೈನಲ್‌ನಲ್ಲಿ ಪ್ರೆಸ್ಟನ್ 3–2ರಿಂದ ಸೋತಿತು. ಆದರೂ ವರ್ಷದ ಆಟಗಾರ ಗೌರವವನ್ನು ಎರಡು ಸಲ (1954, 1957) ಪಡೆದ ಮೊದಲಿಗರು ಅವರೇ. ಇಂಗ್ಲೆಂಡ್ ಪರ 76 ಪಂದ್ಯಗಳಲ್ಲಿ 30 ಗೋಲು. ವಿಂಗರ್ ಒಬ್ಬರಿಗೆ ಇದು ಅಸಾಧಾರಣ ಲೆಕ್ಕ. ಅವರ ಬೆಲೆ ಎಷ್ಟೆಂಬುದು ಅವರು ಆಟ ಬಿಟ್ಟ ಮರುವರ್ಷವೇ ಪ್ರೆಸ್ಟನ್‌ಗೆ ಗೊತ್ತಾಯಿತು: 1961ರಲ್ಲಿ ಮೊದಲ ಡಿವಿಷನ್‌ನಿಂದ ಜಾರಿದ ಕ್ಲಬ್ ಇಂದಿಗೂ ಆ ದರ್ಜೆಗೆ ಮರಳಿಲ್ಲ.