ದುಡಿದ ಮೈಗೆ ತಕ್ಕ ಹಾಸಿಗೆ

ಬಿಸಿಲಲ್ಲಿ ಇಟ್ಟಿಗೆ, ಸಿಮೆಂಟು ಹೊತ್ತು ಬಗದಲ್‌ಗೆ ಮರಳುವ ಅಣ್ಣ, “ರಾತ್ರಿಯೆಲ್ಲ ಮಲಗಿದ್ರೂ ಮುಂಜಾನೆ ಮೈ ನೋಯ್ತದ” ಅಂತಾನೆ. ಯಾಕೆ?

ದಣಿದ ಸ್ನಾಯುಗಳು ಚೇತರಿಸಿಕೊಳ್ಳುವುದು ಗಾಢ ನಿದ್ರೆಯಲ್ಲಿ. ಅದಕ್ಕೆ 7-8 ಗಂಟೆ ಬೇಕು. ನಿದ್ದೆಗೆಟ್ಟವನು ಸಾರವೆಯಿಂದ ಜಾರಿ ಬಿದ್ದರೆ ಮನೆಯೇ ಬಿದ್ದಂತೆ.

ಬರೀ ಫರ್ಸಿ ಬೆನ್ನಿಗೆ ಒಳ್ಳೇದು ಅಂತೀವಿ. ಆದರೆ 2003ರಲ್ಲಿ ಪ್ರಕಟವಾದ ಸ್ಪೇನ್ ದೇಶದ ಅಧ್ಯಯನದಲ್ಲಿ, ಬೆನ್ನುನೋವಿದ್ದ 313 ಮಂದಿಯ ಪೈಕಿ ತೀರಾ ಗಟ್ಟಿ ಹಾಸಿಗೆಯವರಿಗಿಂತ ಮಧ್ಯಮ ಗಟ್ಟಿ ಹಾಸಿಗೆಯವರಿಗೇ ಹೆಚ್ಚು ಆರಾಮ ಸಿಕ್ಕಿತು.

ಏನು ಮಾಡೋಣ?

1. ಹತ್ತಿ ಗಾದಿ, ಮೇಲೊಂದು ಕೌದಿ ಹಾಸಿರಿ. ಕುಳಿ ಬಿದ್ದರೆ ಹತ್ತಿ ಹಿಂಜಿಸಿರಿ.
2. ಮಗ್ಗುಲಾಗಿ ಮಲಗುವವರು ಮೊಣಕಾಲ ನಡುವೆ ದಿಂಬು ಇಡಲಿ.
3. ಕುಡಿದರೆ ನಿದ್ದೆ ಬೇಗ ಹತ್ತತದ, ನಡುರಾತ್ರಿ ಒಡೀತದ.
4. ಕಾಲಿಗೆ ಜೋಮು ಇಳಿದರೆ ವೈದ್ಯರಿಗೆ ತೋರಿಸಿರಿ.

ಚರ್ಚಿಸಿರಿ: ನಿಮ್ಮ ಮನೆಯಲ್ಲಿ ದುಡಿದು ಬಂದವರು ಯಾವುದರ ಮೇಲೆ ಮಲಗುತ್ತಾರೆ?