ಕೇಬಲ್ ಫ್ರಾಂಚೈಸಿ: ಸದಸ್ಯ ನಗರಗಳು ಮಾತುಕತೆಗೆ ಕೂರುವ ಮುನ್ನ

ಅಮೆರಿಕದಲ್ಲಿ ಕೇಬಲ್ ಕಂಪನಿಯೊಂದು ರಸ್ತೆಯಡಿ ತಂತಿ ಹೂತು, ಕಂಬದಿಂದ ಕಂಬಕ್ಕೆ ಎಳೆದು ಟಿ.ವಿ. ಸೇವೆ ಕೊಡಬೇಕಾದರೆ ಫ್ರಾಂಚೈಸಿ, ಅಂದರೆ ಸಾಮಾನ್ಯವಾಗಿ ನಗರಾಡಳಿತ ಕೊಡುವ ಅನುಮತಿ ಒಪ್ಪಂದ, ಪಡೆಯಲೇಬೇಕು. ಇದಕ್ಕೆ ಆಧಾರ 1984ರ ಕೇಬಲ್ ಕಾಯ್ದೆ. 1992ರ ತಿದ್ದುಪಡಿಯ ನಂತರ ಯಾವ ಕಂಪನಿಗೂ ಏಕಸ್ವಾಮ್ಯ ಬರೆದುಕೊಡುವಂತಿಲ್ಲ. ದೊಡ್ಡ ಕಂಪನಿಯ ವಕೀಲರ ಎದುರು ಒಂಟಿಯಾಗಿ ಕೂರುವುದು ಸಣ್ಣ ನಗರಗಳಿಗೆ ಕಷ್ಟ. ಆದ್ದರಿಂದ ನೆರೆಹೊರೆಯ ನಗರಗಳು ಒಟ್ಟಾಗಿ ಕೇಬಲ್ ಆಯೋಗ ರಚಿಸಿಕೊಳ್ಳುತ್ತವೆ. ಮಿನ್ನೆಸೋಟ ರಾಜ್ಯದಲ್ಲಿ ಇಂಥ ಆಯೋಗಗಳು ಹಲವು ಇವೆ.

ಮೊದಲು ನೋಡಬೇಕಾದದ್ದು ರಾಜ್ಯದ ಕಾನೂನು. ಟೆಕ್ಸಾಸ್ 2005ರಲ್ಲಿ, ಕ್ಯಾಲಿಫೋರ್ನಿಯ 2006ರಲ್ಲಿ ಫ್ರಾಂಚೈಸಿ ಕೊಡುವ ಅಧಿಕಾರವನ್ನು ರಾಜ್ಯಮಟ್ಟಕ್ಕೆ ಒಯ್ದವು; ಅಲ್ಲಿ ನಗರಗಳಿಗೆ ಹೊಸದಾಗಿ ಚೌಕಾಸಿ ಮಾಡಲು ಹೆಚ್ಚೇನೂ ಉಳಿದಿಲ್ಲ. ಮಿನ್ನೆಸೋಟದಲ್ಲಿ ಅಧಿಕಾರ ಇನ್ನೂ ನಗರಗಳದ್ದೇ.

ಎರಡನೆಯದು, ಸದಸ್ಯ ನಗರಗಳ ನಡುವಿನ ಜಂಟಿ ಅಧಿಕಾರ ಒಪ್ಪಂದ. ಮಾತುಕತೆ ನಡೆಸುವವರು ಯಾರು, ಕರಡಿಗೆ ಒಪ್ಪಿಗೆ ಕೊಡುವವರು ಯಾರು, ವಕೀಲರ ಖರ್ಚು ಹೇಗೆ ಹಂಚಿಕೆಯಾಗುತ್ತದೆ ಎಂಬುದು ಅದರಲ್ಲಿ ಸ್ಪಷ್ಟವಿರಬೇಕು. ಆಯೋಗ ಮಾತಾಡುತ್ತಿರುವಾಗ ಒಂದು ನಗರ ಪ್ರತ್ಯೇಕವಾಗಿ ಕಂಪನಿಯೊಂದಿಗೆ ಕೈಕುಲುಕಿದರೆ ಉಳಿದವರ ಬಲವೆಲ್ಲ ಅಲ್ಲಿಗೇ ಮುಗಿಯಿತು.

ಆಮೇಲೆ ದಿನಾಂಕ. ಒಪ್ಪಂದ ಮುಗಿಯುವುದಕ್ಕೆ 36 ತಿಂಗಳು ಇರುವಾಗ ಆರು ತಿಂಗಳ ಅವಧಿಯೊಂದು ತೆರೆದುಕೊಳ್ಳುತ್ತದೆ. ಅದರೊಳಗೆ ಕಂಪನಿ ನವೀಕರಣ ಕೋರಿ ಪತ್ರ ಬರೆದರೆ, ಆಯೋಗವು ಪತ್ರ ಬಂದ ಆರು ತಿಂಗಳಲ್ಲಿ ವಿಧಿವತ್ತಾದ ಪ್ರಕ್ರಿಯೆ ಆರಂಭಿಸಲೇಬೇಕು. ಇದರ ಪಕ್ಕದಲ್ಲೇ ಅನೌಪಚಾರಿಕ ಮಾತುಕತೆಯೂ ನಡೆಯಬಹುದು, ಬಹುತೇಕ ಒಪ್ಪಂದಗಳು ಆಗುವುದೂ ಹಾಗೆಯೇ. ಹಾಗೆಂದು ವಿಧಿವತ್ತಾದ ದಾರಿಯ ಹಕ್ಕನ್ನು ಬಿಟ್ಟುಕೊಡಬಾರದು. ಅದನ್ನು ಕಾಯ್ದಿರಿಸಿರುವುದಾಗಿ ಪ್ರತಿ ಪತ್ರದಲ್ಲೂ ಬರೆಯಬೇಕು.

ಪ್ರಕ್ರಿಯೆಯ ಮೊದಲ ಕೆಲಸ ಅಗತ್ಯಗಳ ಅಧ್ಯಯನ: ಚಂದಾದಾರರ ಸಮೀಕ್ಷೆ, ಸಾರ್ವಜನಿಕ ಸಭೆ, ಜಾಲದ ತಾಂತ್ರಿಕ ತಪಾಸಣೆ. ದೂರುಗಳ ದಾಖಲೆ ಇಲ್ಲಿ ಬಹಳ ಮುಖ್ಯ. ಹಿಂದಿನ ಲೋಪವನ್ನು ಮುಂದಿಟ್ಟು ನವೀಕರಣ ನಿರಾಕರಿಸಬೇಕಾದರೆ, ಆ ಲೋಪದ ಬಗ್ಗೆ ಕಂಪನಿಗೆ ಮೊದಲೇ ನೋಟಿಸು ಕೊಟ್ಟು ಸರಿಪಡಿಸಲು ಅವಕಾಶ ಕೊಟ್ಟಿರಬೇಕು. ವರ್ಷಗಟ್ಟಲೆ ಸುಮ್ಮನಿದ್ದು ಕೊನೆಗೆ ದೂರಿದರೆ ನಡೆಯದು.

ಇಂಥ ನಗರಗಳಲ್ಲಿ ನೆಲೆಸಿರುವ ಕನ್ನಡಿಗರು ಗಮನಿಸಬೇಕಾದ ಮಾತೊಂದಿದೆ. ಇಂಥದೇ ಚಾನೆಲ್ ಕೊಡಿ ಎಂದು ಒಪ್ಪಂದದಲ್ಲಿ ಬರೆಸಲು ಆಯೋಗಕ್ಕೆ ಅಧಿಕಾರವಿಲ್ಲ. ಸಾರ್ವಜನಿಕ ಸಭೆಯಲ್ಲಿ ಕನ್ನಡ ಚಾನೆಲ್ ಕೇಳಿದರೆ ಮನವಿ ದಾಖಲಾಗುತ್ತದೆ ಅಷ್ಟೇ. ಆದರೆ ಸಾರ್ವಜನಿಕ, ಶೈಕ್ಷಣಿಕ ಮತ್ತು ಸರ್ಕಾರಿ ಬಳಕೆಗೆಂದು ಚಾನೆಲ್ ಮೀಸಲಿಡುವಂತೆ ಕೇಳುವ ಹಕ್ಕು ನಗರಕ್ಕಿದೆ. ಸಾರ್ವಜನಿಕ ಚಾನೆಲ್ ಇರುವಲ್ಲಿ ನಿವಾಸಿಗಳು ತಾವೇ ತಯಾರಿಸಿದ ಕನ್ನಡ ಕಾರ್ಯಕ್ರಮಕ್ಕೆ ಸಮಯ ಕೇಳಬಹುದು.

ಈಗ ಹಣದ ವಿಷಯ. ನಗರಗಳು ಎಡವುವುದು ಇಲ್ಲೇ. ಫ್ರಾಂಚೈಸಿ ಶುಲ್ಕ ಕೇಬಲ್ ಸೇವೆಯ ಒಟ್ಟು ವರಮಾನದ ಶೇ 5ನ್ನು ಮೀರುವಂತಿಲ್ಲ. ಎಲ್ಲರೂ ಈ ಐದರ ಮೇಲೆಯೇ ಕಣ್ಣಿಟ್ಟು, ಐದು ಸಿಕ್ಕಿತೆಂದು ಸಮಾಧಾನಪಟ್ಟು ಏಳುತ್ತಾರೆ. ಯಾವುದರ ಐದು ಎಂದು ಕೇಳುವುದನ್ನು ಮರೆಯುತ್ತಾರೆ. ಇಂಟರ್ನೆಟ್ ಮತ್ತು ಫೋನಿನ ವರಮಾನ ಈ ಲೆಕ್ಕಕ್ಕೆ ಸೇರುವುದಿಲ್ಲ. ಆದರೆ ಕಂಪನಿಗಳು ಮಾರುವುದು ಮೂರನ್ನೂ ಸೇರಿಸಿದ ಪ್ಯಾಕೇಜು.

ಒಂದು ತಿಂಗಳ ಬಿಲ್ಲು ತೆಗೆದುಕೊಳ್ಳೋಣ. ಬಿಡಿಯಾಗಿ ಟಿ.ವಿ.ಗೆ 80 ಡಾಲರ್, ಇಂಟರ್ನೆಟ್‌ಗೆ 60, ಫೋನಿಗೆ 20; ಒಟ್ಟು 160. ಪ್ಯಾಕೇಜಿನ ಬೆಲೆ 120. ರಿಯಾಯಿತಿಯ 40 ಡಾಲರನ್ನು ಮೂರೂ ಸೇವೆಗಳಿಗೆ ಅವುಗಳ ದರಕ್ಕೆ ತಕ್ಕಂತೆ ಹಂಚಿದರೆ ಟಿ.ವಿ.ಯ ಪಾಲು 60 ಡಾಲರ್, ನಗರಕ್ಕೆ ಬರುವುದು 3 ಡಾಲರ್. ಪೂರ್ತಿ ರಿಯಾಯಿತಿಯನ್ನು ಟಿ.ವಿ.ಯ ತಲೆಗೇ ಕಟ್ಟಿದರೆ ಟಿ.ವಿ.ಯ ಪಾಲು 40, ನಗರಕ್ಕೆ 2 ಡಾಲರ್ ಮಾತ್ರ. ಹತ್ತು ಸಾವಿರ ಚಂದಾದಾರರಿದ್ದರೆ ವರ್ಷಕ್ಕೆ 1.2 ಲಕ್ಷ ಡಾಲರ್ ವ್ಯತ್ಯಾಸ. ಒಪ್ಪಂದದಲ್ಲಿ ಒಂದು ವಾಕ್ಯ ಬಿಟ್ಟದ್ದಕ್ಕೆ ಇಷ್ಟು ನಷ್ಟ! ರಿಯಾಯಿತಿಯನ್ನು ದರಕ್ಕೆ ಅನುಗುಣವಾಗಿಯೇ ಹಂಚಬೇಕೆಂಬ ಷರತ್ತು ‘ಒಟ್ಟು ವರಮಾನ’ದ ವ್ಯಾಖ್ಯೆಯಲ್ಲೇ ಇರಬೇಕು. ಜಾಹೀರಾತು ವರಮಾನ, ತಡಪಾವತಿ ದಂಡ, ಉಪಕರಣದ ಬಾಡಿಗೆ, ಶಾಪಿಂಗ್ ಚಾನೆಲ್‌ಗಳಿಂದ ಬರುವ ಕಮಿಷನ್ ಇವನ್ನು ಹೆಸರು ಹಿಡಿದು ಸೇರಿಸಬೇಕು. ಚಂದಾದಾರರಿಂದ ಶುಲ್ಕವೆಂದು ವಸೂಲಾದ ಹಣವೂ ವರಮಾನವೇ ಎಂದು ಡಲ್ಲಾಸ್ ನಗರದ ಪ್ರಕರಣದಲ್ಲಿ ಫೆಡರಲ್ ಮೇಲ್ಮನವಿ ನ್ಯಾಯಾಲಯ 1997ರಲ್ಲೇ ಹೇಳಿದೆ. ಲೆಕ್ಕ ತಪಾಸಣೆಯ ಹಕ್ಕು, ಎಷ್ಟು ವರ್ಷ ಹಿಂದಿನ ಪುಸ್ತಕ ನೋಡಬಹುದು, ಕೊರತೆ ಕಂಡುಬಂದರೆ ತಪಾಸಣೆಯ ಖರ್ಚು ಯಾರದು ಎಂಬುದೂ ಬರಹದಲ್ಲಿರಲಿ. ತಪಾಸಣೆಯ ಹಕ್ಕಿಲ್ಲದ ಶೇ 5 ಕಂಪನಿ ಹೇಳಿದಷ್ಟೇ ಆಗಿಬಿಡುತ್ತದೆ.

ನಗರ ಕಚೇರಿಗೆ, ಶಾಲೆಗೆ ಉಚಿತ ಸಂಪರ್ಕ ಕೇಳುವ ಹಳೆಯ ರೂಢಿಯಲ್ಲೂ ಈಗ ಎಚ್ಚರ ಬೇಕು. ಫೆಡರಲ್ ಸಂಪರ್ಕ ಆಯೋಗದ 2019ರ ಆದೇಶದಂತೆ ಇಂಥ ಬಹುತೇಕ ಸೌಲಭ್ಯಗಳ ಬೆಲೆ ಶೇ 5ರ ಮಿತಿಯೊಳಗೇ ಸೇರುತ್ತದೆ. ಆ ಬೆಲೆಯನ್ನು ಮಾರುಕಟ್ಟೆ ದರದಲ್ಲಿ ಕಟ್ಟದೆ ಕಂಪನಿಗೆ ತಗಲುವ ಖರ್ಚಿನಲ್ಲಿ ಲೆಕ್ಕ ಹಾಕಬೇಕೆಂದು 2021ರಲ್ಲಿ ಮೇಲ್ಮನವಿ ನ್ಯಾಯಾಲಯ ತಿದ್ದಿತು. ಸಾರ್ವಜನಿಕ ಚಾನೆಲ್‌ಗಳ ಕ್ಯಾಮೆರಾ, ಸ್ಟುಡಿಯೊದಂಥ ಬಂಡವಾಳ ವೆಚ್ಚ ಮಿತಿಯ ಹೊರಗೆ ಉಳಿಯುತ್ತದೆ. ಸಿಬ್ಬಂದಿಯ ಸಂಬಳ ಉಳಿಯುವುದಿಲ್ಲ. ಎರಡನ್ನೂ ಬೇರೆ ಬೇರೆ ಕಲಮುಗಳಲ್ಲಿ ಬರೆಯುವುದು ಕ್ಷೇಮ.

ಗ್ರಾಹಕ ಸೇವೆಗೆ ಫೆಡರಲ್ ಮಾನದಂಡವೇ ಇದೆ: ಸಾಮಾನ್ಯ ಸ್ಥಿತಿಯಲ್ಲಿ ಶೇ 90ರಷ್ಟು ಸಲ ಫೋನ್ ಕರೆಗೆ 30 ಸೆಕೆಂಡಿನೊಳಗೆ ಉತ್ತರ, ಸಾಮಾನ್ಯ ಸಂಪರ್ಕಕ್ಕೆ ಏಳು ಕೆಲಸದ ದಿನ. ಅದನ್ನು ಒಪ್ಪಂದದಲ್ಲಿ ಸೇರಿಸಿ, ಮೂರು ತಿಂಗಳಿಗೊಮ್ಮೆ ವರದಿ ಕೇಳಿ, ತಪ್ಪಿದರೆ ದಿನಕ್ಕಿಷ್ಟು ದಂಡ ಎಂದು ನಮೂದಿಸಬೇಕು. ದಂಡ ವಸೂಲಿಗೆ ಠೇವಣಿ ಅಥವಾ ಬ್ಯಾಂಕ್ ಖಾತರಿ ಇರಲಿ. ಕಂಪನಿ ಕೈಬದಲಾಗುವಾಗ ಪೂರ್ಣ ಮಾಹಿತಿಯೊಂದಿಗೆ ಅರ್ಜಿ ಬಂದ 120 ದಿನಗಳಲ್ಲಿ ನಗರ ತೀರ್ಮಾನ ಹೇಳದಿದ್ದರೆ ಒಪ್ಪಿಗೆ ಕೊಟ್ಟಂತೆಯೇ ಲೆಕ್ಕ.

ಕರಡು ಸಿದ್ಧವಾದ ಮೇಲೆ ಅದು ಪ್ರತಿ ಸದಸ್ಯ ನಗರದ ಮಂಡಳಿಯ ಮುಂದೆ ಹೋಗಬೇಕು. ಆ ಹೊತ್ತಿಗೆ ಹಳೆಯ ಒಪ್ಪಂದದ ಅವಧಿ ಮುಗಿಯುವಂತಿದ್ದರೆ, ವಿಸ್ತರಣೆಯನ್ನು ಎರಡೂ ಕಡೆಯವರ ಸಹಿಯೊಂದಿಗೆ ಲಿಖಿತವಾಗಿಯೇ ಪಡೆದಿರಬೇಕು.