ಮಬ್ಬಾದ ಅಕ್ರಿಲಿಕ್ ತೊಟ್ಟಿ: ಉಜ್ಜುವ ಮೊದಲು ಕಾರಣ ತಿಳಿಯೋಣ

ಮೀನಿನ ತೊಟ್ಟಿ ಮಬ್ಬಾದರೆ ನಮ್ಮ ಕೈ ಮೊದಲು ಹೋಗುವುದು ಪಾತ್ರೆ ಉಜ್ಜುವ ನಾರಿನ ಕಡೆಗೆ. ಗಾಜಿನ ತೊಟ್ಟಿ ಅದನ್ನು ಸ್ವಲ್ಪಮಟ್ಟಿಗೆ ತಾಳಬಹುದು, ಅಕ್ರಿಲಿಕ್ ತಾಳುವುದಿಲ್ಲ. ಮಬ್ಬಿಗೆ ಕಾರಣ ಒಂದೇ ಅಲ್ಲ, ಮೂರು. ಯಾವ ಕಾರಣವೆಂದು ತಿಳಿಯದೆ ಉಜ್ಜಿದರೆ ತೊಟ್ಟಿ ಹಾಳಾಗುತ್ತದೆ. ಒಮ್ಮೊಮ್ಮೆ ಅಪಾಯವೂ ಆಗುತ್ತದೆ. ನಿಮ್ಮ ಪಠ್ಯದಲ್ಲಿರುವ ಬೆಳಕು, ಆಮ್ಲ, ಒತ್ತಡ ಮೂರೂ ಈ ಒಂದು ಕೆಲಸದಲ್ಲಿ ಬರುವುದರಿಂದ ಇದನ್ನೊಂದು ಪಾಠವಾಗಿ ಬರೆಯುತ್ತಿದ್ದೇನೆ.

ಅಕ್ರಿಲಿಕ್ ಎಂದರೇನು?

ಇದರ ರಾಸಾಯನಿಕ ಹೆಸರು ಪಾಲಿಮೀಥೈಲ್ ಮೆಥಾಕ್ರಿಲೇಟ್. ಗಾಜಿನ ಸಾಂದ್ರತೆ ಸುಮಾರು 2.5 ಆದರೆ ಇದರದು ಸುಮಾರು 1.19, ಅಂದರೆ ತೂಕ ಅರ್ಧಕ್ಕಿಂತ ಕಡಿಮೆ. ಬಿದ್ದ ಬೆಳಕಿನಲ್ಲಿ ಸುಮಾರು ಶೇ. 92 ಭಾಗವನ್ನು ಇದು ಆಚೆಗೆ ಬಿಡುತ್ತದೆ. ಜಪಾನಿನ ಒಕಿನಾವಾದಲ್ಲಿ 2002ರಲ್ಲಿ ತೆರೆದ ಮತ್ಸ್ಯಾಲಯದ ದೊಡ್ಡ ಕಿಟಕಿ 8.2 ಮೀಟರ್ ಎತ್ತರ, 22.5 ಮೀಟರ್ ಅಗಲ, 60 ಸೆಂ.ಮೀ. ದಪ್ಪದ ಅಕ್ರಿಲಿಕ್. ಆದರೆ ಇದು ಮೆದು. ಒರೆಸುವ ಬಟ್ಟೆಗೆ ಅಂಟಿದ ಒಂದು ಮರಳಿನ ಕಣ ಗೀರು ಎಳೆಯಲು ಸಾಕು. ಮೆದುವಾಗಿರುವುದರಿಂದಲೇ ಆ ಗೀರನ್ನು ಕೈಯಿಂದ ತೆಗೆಯಲೂ ಸಾಧ್ಯ.

ಗೀರು ಏಕೆ ಕಾಣುತ್ತದೆ?

ಗೀರಿಗೆ ಬಣ್ಣವಿಲ್ಲ. ನಯವಾದ ಮೇಲ್ಮೈಯಲ್ಲಿ ಬೆಳಕು ವಕ್ರೀಭವನದ ನಿಯಮದಂತೆ ಒಂದೇ ದಿಕ್ಕಿಗೆ ಸಾಗುತ್ತದೆ. ಗೀರಿನ ಒರಟು ಅಂಚುಗಳಲ್ಲಿ ಅದು ನಾನಾ ದಿಕ್ಕಿಗೆ ಚದುರುತ್ತದೆ. ಆ ಚದುರಿದ ಬೆಳಕೇ ನಮಗೆ ಬಿಳಿಯಾಗಿ ಕಾಣುತ್ತದೆ. ಈ ನಿಯಮವನ್ನು ನಾವು ಸ್ನೆಲ್ ಹೆಸರಿನಲ್ಲಿ ಓದುತ್ತೇವೆ. ಅವರಿಗಿಂತ ಆರು ಶತಮಾನಕ್ಕೂ ಮೊದಲು, 984ರ ಸುಮಾರಿಗೆ, ಬಾಗ್ದಾದಿನ ಇಬ್ನ್ ಸಹ್ಲ್ ಮಸೂರಗಳ ಬಗ್ಗೆ ಬರೆಯುವಾಗ ಇದನ್ನೇ ಬಳಸಿದ್ದರು.

ವಕ್ರೀಭವನ ಸೂಚ್ಯಂಕ ಗಾಳಿಗೆ 1, ನೀರಿಗೆ 1.33, ಅಕ್ರಿಲಿಕ್‌ಗೆ 1.49. ಗಾಳಿ ಮತ್ತು ಅಕ್ರಿಲಿಕ್ ಸೇರುವ ಕಡೆ ನೇರವಾಗಿ ಬಿದ್ದ ಬೆಳಕಿನಲ್ಲಿ ಸುಮಾರು ಶೇ. 4 ಭಾಗ ಹಿಂದಿರುಗುತ್ತದೆ. ನೀರು ಮತ್ತು ಅಕ್ರಿಲಿಕ್ ಸೇರುವ ಕಡೆ ಸುಮಾರು ಶೇ. 0.3 ಮಾತ್ರ. ಆದ್ದರಿಂದ ತೊಟ್ಟಿಯ ಒಳಗಿನ ಗೀರು ನೀರು ತುಂಬಿದಾಗ ಮಸುಕಾಗುತ್ತದೆ, ಹೊರಗಿನದು ಎದ್ದು ಕಾಣುತ್ತದೆ. ಹೊರಗಿನ ಗೀರಿನ ಮೇಲೆ ಒಂದು ಹನಿ ನೀರು ಹಚ್ಚಿ ನೋಡಿ, ವ್ಯತ್ಯಾಸ ತಿಳಿಯುತ್ತದೆ.

ಮೂರು ಬಗೆಯ ಮಬ್ಬು

ಮೊದಲನೆಯದು ಸುಣ್ಣದ ಪದರ. ಶಿರಾ, ಪಾವಗಡ ಕಡೆಯ ಕೊಳವೆ ಬಾವಿಗಳ ಗಡಸು ನೀರು ಆರಿದಂತೆ ಕ್ಯಾಲ್ಸಿಯಂ ಕಾರ್ಬೊನೇಟ್ ಉಳಿಯುತ್ತದೆ. ನೀರು ಕಾಯಿಸುವ ಪಾತ್ರೆಯ ತಳದಲ್ಲಿ ಕೂರುವ ಬಿಳಿ ಪದರವೂ ಇದೇ. ತೊಟ್ಟಿಯಲ್ಲಿ ಇದು ನೀರಿನ ಮಟ್ಟದಲ್ಲಿ ಪಟ್ಟಿಯಂತೆ ಕಾಣುತ್ತದೆ. ಮೀನು ತೆಗೆದ ಮೇಲೆ ಅಡುಗೆಯ ವಿನೆಗರ್‌ಗೆ ಅಷ್ಟೇ ನೀರು ಬೆರೆಸಿ, ಹತ್ತಿ ಬಟ್ಟೆಯಲ್ಲಿ ಅದ್ದಿ ಹತ್ತು ನಿಮಿಷ ಅಂಟಿಸಿಡಿ. ಅಸಿಟಿಕ್ ಆಮ್ಲವು ಸುಣ್ಣವನ್ನು ಕರಗುವ ಕ್ಯಾಲ್ಸಿಯಂ ಅಸಿಟೇಟ್ ಮಾಡುತ್ತದೆ, ಇಂಗಾಲದ ಡೈಆಕ್ಸೈಡ್ ಗುಳ್ಳೆಯಾಗಿ ಹೋಗುತ್ತದೆ. ಇದಕ್ಕೆ ಪಾಲಿಶ್ ಬೇಡವೇ ಬೇಡ.

ಎರಡನೆಯದು ಗೀರು. ಉಗುರು ಆಡಿಸಿ ನೋಡಿ. ಉಗುರು ಸಿಕ್ಕಿಕೊಳ್ಳದಿದ್ದರೆ ಮೇಲಿನ ಗೀರು, ಸಿಕ್ಕಿಕೊಂಡರೆ ಆಳದ್ದು.

ಮೂರನೆಯದು ಕೂದಲೆಳೆಯಂಥ ಬಿರುಕುಗಳ ಜಾಲ. ಟಾರ್ಚ್ ಬೆಳಕನ್ನು ಓರೆಯಾಗಿ ಬಿಟ್ಟರೆ ಮಿನುಗುತ್ತದೆ, ಹೆಚ್ಚಾಗಿ ಅಂಚಿನ ಜೋಡಣೆಗಳ ಬಳಿ ಇರುತ್ತದೆ. ಸ್ಪಿರಿಟ್, ಥಿನ್ನರ್, ಅಸಿಟೋನ್, ಅಮೋನಿಯಾ ಇರುವ ಗಾಜು ಒರೆಸುವ ದ್ರವ ತಗುಲಿದರೆ ಒತ್ತಡದಲ್ಲಿರುವ ಅಕ್ರಿಲಿಕ್ ಹೀಗೆ ಬಿರಿಯುತ್ತದೆ. ಇದು ಮೇಲಿನ ಕೊಳೆಯಲ್ಲ, ವಸ್ತುವಿನ ಬಲವೇ ಕುಂದಿದ ಗುರುತು.

ಗೀರು ತೆಗೆಯುವ ಕ್ರಮ

ಪಾಲಿಶ್ ಎಂದರೆ ಗೀರನ್ನು ತುಂಬುವುದಲ್ಲ. ಗೀರಿನ ತಳದವರೆಗೆ ಸುತ್ತಲಿನ ಅಕ್ರಿಲಿಕ್ ತೆಗೆದು ಸಮ ಮಾಡುವುದು. ಕಾರಿಗೆ ಬಣ್ಣ ಹೊಡೆಯುವವರು ಬಳಸುವ ವಾಟರ್ ಪೇಪರ್ ಸಾಕು. ಆಳದ ಗೀರಿಗೆ 800ರಿಂದ ಆರಂಭಿಸಿ 1200, 2000, 3000 ನಂಬರಿಗೆ ಹೋಗಿ. ಮೇಲಿನ ಗೀರಿಗೆ 2000ದಿಂದಲೇ ಶುರು ಮಾಡಿ. ಪ್ರತಿ ನಂಬರಿಗೂ ಉಜ್ಜುವ ದಿಕ್ಕನ್ನು ಅಡ್ಡಕ್ಕೆ ತಿರುಗಿಸಿ. ಹಿಂದಿನ ನಂಬರಿನ ಗೆರೆಗಳೆಲ್ಲ ಮಾಯವಾದ ಮೇಲೆಯೇ ಮುಂದಕ್ಕೆ ಹೋಗಿ. ನಡುವೆ ತೊಳೆದು ನೀರು ಬದಲಿಸಿ. ಗೀರಿನ ಜಾಗವನ್ನಷ್ಟೇ ಉಜ್ಜಿದರೆ ಅಲ್ಲಿ ಕುಳಿ ಬಿದ್ದು ಮಸೂರದಂತೆ ಮೀನಿನ ಆಕಾರ ತಿರುಚುತ್ತದೆ. ಆದ್ದರಿಂದ ಸುತ್ತ ಅಂಗೈ ಅಗಲ ಉಜ್ಜಬೇಕು. ಕೊನೆಗೆ ಪ್ಲಾಸ್ಟಿಕ್ ಪಾಲಿಶ್ ಹಚ್ಚಿ ಮೆದು ಬಟ್ಟೆಯಲ್ಲಿ ತಿಕ್ಕಿ. ಯಂತ್ರ ಬಳಸಿದರೆ ನಿಧಾನವಾಗಿರಲಿ, ಸುಮಾರು 105 ಡಿಗ್ರಿ ಸೆಲ್ಸಿಯಸ್‌ಗೆ ಅಕ್ರಿಲಿಕ್ ಮೆದುವಾಗುತ್ತದೆ.

ಒಳಭಾಗ ಉಜ್ಜಿದ್ದರೆ ಪಾಲಿಶ್ ಉಳಿಯದಂತೆ ಹಲವು ಬಾರಿ ತೊಳೆಯಿರಿ. ಫಿಲ್ಟರಿನ ಸ್ಪಂಜನ್ನು ಮಾತ್ರ ಹಳೆಯ ತೊಟ್ಟಿಯ ನೀರಿನಲ್ಲೇ ಇಡಿ. ಮೀನಿನ ಅಮೋನಿಯಾವನ್ನು ನೈಟ್ರೇಟ್ ಮಾಡುವ ಬ್ಯಾಕ್ಟೀರಿಯಾಗಳು ಅದರಲ್ಲಿವೆ.

ಹೊಳಪು ಬೇರೆ, ಬಲ ಬೇರೆ

ನಮ್ಮ ಪ್ರಯೋಗಾಲಯಕ್ಕೆ ಬಂದ ಎರಡು ಹಳೆಯ ತೊಟ್ಟಿಗಳಲ್ಲಿ ಚಿಕ್ಕದಕ್ಕೆ ಸುಣ್ಣವೂ ಗೀರೂ ಇದ್ದವು. ಅದು ಮೇಲಿನ ಕ್ರಮದಲ್ಲಿ ತಿಳಿಯಾಯಿತು. ದೊಡ್ಡದರ ತಳದ ಜೋಡಣೆಯಲ್ಲಿ ಬಿರುಕಿನ ಜಾಲವಿತ್ತು. ಅದನ್ನೂ ಹೊಳಪಿಸಿ ತುಂಬೋಣವೆಂದು ವಿದ್ಯಾರ್ಥಿಗಳು ಕೇಳಿದರು, ನಾನು ಒಪ್ಪಲಿಲ್ಲ. ಕಾರಣ ಈ ಲೆಕ್ಕ. ಅದರ ಉದ್ದ 90 ಸೆಂ.ಮೀ., ನೀರಿನ ಎತ್ತರ 45 ಸೆಂ.ಮೀ. ಮುಂಬದಿಯ ಮೇಲೆ ಸರಾಸರಿ ಒತ್ತಡ 1000 × 9.8 × 0.225, ಅಂದರೆ 2205 ಪಾಸ್ಕಲ್. ವಿಸ್ತೀರ್ಣ 0.405 ಚದರ ಮೀಟರ್. ಬಲ ಸುಮಾರು 893 ನ್ಯೂಟನ್. ಸುಮಾರು 91 ಕಿಲೋ ತೂಕದ ಆಳೊಬ್ಬ ಹಗಲೂ ರಾತ್ರಿ ಆ ಹಲಗೆಯನ್ನು ಒತ್ತಿ ನಿಂತಂತೆ. ಒತ್ತಡ ಅತಿ ಹೆಚ್ಚು ಇರುವುದು ತಳದಲ್ಲಿ, ಬಿರುಕೂ ಅಲ್ಲೇ. ಪಾಲಿಶ್ ಅದನ್ನು ನಮ್ಮ ಕಣ್ಣಿಂದ ಮರೆಮಾಡಬಹುದು, ನೀರಿಗೆ ಅದು ಗೊತ್ತೇ ಇರುತ್ತದೆ. ಆ ತೊಟ್ಟಿ ಈಗ ಕಲ್ಲು, ಮಣ್ಣಿನ ಮಾದರಿಗಳನ್ನು ಇಡುವ ಒಣ ಪೆಟ್ಟಿಗೆ.

ಅಭ್ಯಾಸ: ಅದೇ ಅಳತೆಯ ತೊಟ್ಟಿಯಲ್ಲಿ ನೀರಿನ ಎತ್ತರ 45ರಿಂದ 30 ಸೆಂ.ಮೀ.ಗೆ ಇಳಿದರೆ ಮುಂಬದಿಯ ಮೇಲಿನ ಬಲ ಎಷ್ಟು? ಎತ್ತರ ಮೂರನೇ ಒಂದು ಭಾಗ ಇಳಿದರೂ ಬಲ ಅರ್ಧಕ್ಕಿಂತ ಹೆಚ್ಚು ಇಳಿಯುವುದೇಕೆ? ಉತ್ತರ ಬರೆದು ಭೌತಶಾಸ್ತ್ರ ವಿಭಾಗಕ್ಕೆ ತಂದು ತೋರಿಸಿ.